ಬೆವರು ಬಂತಾ?

ನನ್ನ ಮಗಳ ಶಾಲೆ ಯಲಹಂಕದಲ್ಲಿ. ಅಲ್ಲೊಬ್ಬರು ಪಿ.ಟಿ. ಮಿಸ್ ಇದ್ದರು, ಕೋಗಿಲು ಕಡೆಯವರು. ಆಟ ಮುಗಿದ ಮೇಲೆ ಯಾವ ಮಗುವನ್ನೂ ಸುಮ್ಮನೆ ಕ್ಲಾಸಿಗೆ ಬಿಡುತ್ತಿರಲಿಲ್ಲ. ಕತ್ತಿನ ಹಿಂದೆ ಕೈಯಿಟ್ಟು, "ಬೆವರು ಬಂತಾ?" ಎಂದು ನೋಡುವುದು. ಒಣಗಿದ್ದರೆ, "ಇನ್ನೊಂದು ರೌಂಡ್ ಓಡು ಮಗಾ!"

"ಬಿಸಿಲಲ್ಲಿ ಓಡಿಸ್ಬೇಡಿ ಮಿಸ್, ಮಗು ಕಪ್ಪಾಗ್ತಾಳೆ" ಎಂದು ಒಬ್ಬ ತಾಯಿ ಜಗಳಕ್ಕೇ ಬಂದಿದ್ದರು.

"ಕಪ್ಪಾಗ್ಲಿ ಬಿಡ್ರಮ್ಮಾ, ಗಟ್ಟೀನೂ ಆಗ್ತಾಳೆ" ಎಂದು ಮಿಸ್ ನಕ್ಕಿದ್ದರು.

ಆಮೇಲೆ ಮೈದಾನದಲ್ಲಿ ಹೊಸ ಕಟ್ಟಡ ಎದ್ದಿತು. "ಓಡೋಕೆ ಟೆರೇಸ್ ಆದ್ರೂ ಕೊಡಿ ಸಾರ್" ಎಂದು ಮಿಸ್ ಹೆಡ್‌ಮಾಸ್ಟರರನ್ನು ಬೇಡಿಕೊಂಡರು. ಕೊಡಲಿಲ್ಲ. ಪಿ.ಟಿ. ಪೀರಿಯಡ್ ಮಾತ್ರ ಉಳಿಯಿತು. ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ 'ವ್ಯಾಯಾಮದ ಲಾಭಗಳು' ಬರೆಸುವುದೇ ಅವರ ಕೆಲಸವಾಯಿತು. ಅದಕ್ಕೊಂದು ಪರೀಕ್ಷೆ ಬೇರೆ.

ಪೇಪರ್ ಕೊಟ್ಟ ದಿನ ನಾನೂ ಹೋಗಿದ್ದೆ. "ಮಿಸ್, ಫುಲ್ ಮಾರ್ಕ್ಸ್!" ಎಂದು ಮಗಳು ಪೇಪರ್ ಮುಂದೆ ಹಿಡಿದಳು. ಮಿಸ್ ಅದನ್ನು ನೋಡಲೇ ಇಲ್ಲ. ಅವರ ಕೈ ತಾನಾಗಿ ಅವಳ ಕತ್ತಿನ ಹಿಂದೆ ಹೋಯಿತು.

"ಬೆವರೇ ಇಲ್ವಲ್ಲ ಮಗಾ" ಎಂದರು. "ಇನ್ನೊಂದು..." ಎಂದು ಶುರುಮಾಡಿ, ಕಿಟಕಿಯಾಚೆಯ ಕಟ್ಟಡ ನೋಡಿ, ಕೈ ಹಿಂತೆಗೆದುಕೊಂಡರು.