ಮಳೆಕಾಡಿಗೆ ನೀರಿನ ಕ್ಯಾನು

ಮಳೆಕಾಡಿಗೆ ನೀರಿನ ಕ್ಯಾನು ಹೊತ್ತುಕೊಂಡು ಹೋದ ಮನುಷ್ಯನನ್ನು ನಾನು ಕಂಡಿದ್ದು ಒಬ್ಬನನ್ನೇ. ಅವನು ನನ್ನ ಗೆಳೆಯ ರುದ್ರಮುನಿ, ಹಿಂದೂಪುರದ ಹುಣಸೆಹಣ್ಣಿನ ವ್ಯಾಪಾರಿ. ಹೋದ ತಿಂಗಳು ತೀರಿಕೊಂಡ. ಎದೆನೋವು ಅಂದನಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕಲ್ಯಾಣದುರ್ಗದಿಂದ ಓಡಿಬಂದ ನನಗೆ ಮುಖ ನೋಡಲು ಸಿಕ್ಕಿತು, ಅಷ್ಟೆ.

ನಾವಿಬ್ಬರೂ ಕಂಬದೂರಿನ ಶಾಲೆಯಲ್ಲಿ ಒಟ್ಟಿಗೆ ಓದಿದವರು. ನಮ್ಮ ಬರದ ಸೀಮೆಯಲ್ಲಿ ಕುಡಿದು ಮಿಕ್ಕ ನೀರನ್ನು ಸುಮ್ಮನೆ ಚೆಲ್ಲುವುದಿಲ್ಲ. ಯಾವುದಾದರೂ ಗಿಡದ ಬುಡಕ್ಕೆ ಹಾಕುತ್ತೇವೆ. ನಾನು ಮೇಷ್ಟ್ರಾದೆ, ಅವನು ಹುಣಸೆಹಣ್ಣಿನ ಮಂಡಿ ಸೇರಿದ, ಅಭ್ಯಾಸ ಇಬ್ಬರಿಗೂ ಉಳಿಯಿತು. ಮದುವೆ ಊಟ ಮುಗಿಸಿ ಲೋಟ ಹಿಡಿದು ಗಿಡ ಹುಡುಕಿಕೊಂಡು ಹೊರಡುವವನು ಅವನು.

ಕೆಲವು ವರ್ಷಗಳ ಹಿಂದೆ ಒಂದು ಕಾಳುಮೆಣಸಿನ ಬಳ್ಳಿ ತಂದು ಹಿತ್ತಲಿನ ನುಗ್ಗೆಮರಕ್ಕೆ ಹಬ್ಬಿಸಿದ. ಅಷ್ಟಕ್ಕೇ ಬಿಡಬಹುದಿತ್ತು. ಮಂಡಿಯಲ್ಲಿ ನಿಂತು, "ನಮ್ಮನೆ ಬಳ್ಳಿ ಮೆಣಸಿನ ಸಾರು ನಿಮಗೆಲ್ಲ ಉಣ್ಣಿಸ್ದಿದ್ರೆ ನಾನು ರುದ್ರಮುನಿನೇ ಅಲ್ಲ" ಎಂದುಬಿಟ್ಟ. ಅಲ್ಲಿಂದ ಪಕ್ಕದ ಮಂಡಿಯ ಆದೆಪ್ಪನದು ದಿನಾ ಒಂದೇ ಪ್ರಶ್ನೆ: "ಏಮಯ್ಯಾ ರುದ್ರಮುನಿ, ಸಾರಿಗೆ ಒಲೆ ಹಚ್ಚಾಣಾ?"

ಬಳ್ಳಿ ಹಳದಿಯಾಗತೊಡಗಿತು. ಅವನು ಹೊತ್ತುಹೊತ್ತಿಗೂ ನೀರು ಹಾಕಿದ. ಬಿಸಿಲು ಸಾಲದೇನೋ ಎಂದು ನುಗ್ಗೆಯ ಕೊಂಬೆಗಳನ್ನು ಸವರಿದ. ಇನ್ನಷ್ಟು ಹಳದಿಯಾಯಿತು. "ನನ್ನ ಹಿಂಗೆ ನೋಡ್ಕಂಡಿದ್ರೆ ನಾನೂ ಮಾಳಿಗೆ ಮಟ ಹಬ್ಬಿರ್ತಿದ್ದೆ ಕಣಪ್ಪ" ಎಂದು ಅವನ ಹೆಂಡತಿ ನಿರ್ಮಲಮ್ಮ ನನ್ನೆದುರು ನಕ್ಕರು.

"ಇದರ ತವರುಮನೆ ನೋಡ್ಕಂಡು ಬರಾಣ ನಡಿಯಲಾ" ಎಂದ ಒಂದು ದಿನ. ಹೀಗೆ ಘಟ್ಟದ ಕಡೆಯ ಒಂದು ಮಳೆಕಾಡಿನ ಸಸ್ಯೋದ್ಯಾನಕ್ಕೆ ಹೊರಟೆವು. ಬಸ್ಸಿನುದ್ದಕ್ಕೂ ಕ್ಯಾನು ಅವನ ಕಾಲ ಸಂದಿಯಲ್ಲಿ.

"ಅಲ್ಲಿ ನೀರಿಗೇನು ಬರಾನಾ?" ಎಂದೆ.

"ಗೊತ್ತಿಲ್ಲದ ಊರು ಕಣ್ಲಾ. ಯಾರನ್ನ ಕೇಳ್ತೀಯ?"

ಉದ್ಯಾನದಲ್ಲಿ ಮಳೆ ಜಿನುಗುತ್ತಿತ್ತು. ಗಿಡಗಳನ್ನು ತೋರಿಸಲು ಕಲ್ಯಾಣಿ ಎಂಬ ಹುಡುಗಿ ಜೊತೆಗೆ ಬಂದಳು. ದೊಡ್ಡ ಮರವೊಂದನ್ನು ತಬ್ಬಿದ್ದ ಮೆಣಸಿನ ಬಳ್ಳಿಯ ಮುಂದೆ ರುದ್ರಮುನಿ ನಿಂತ. ಕ್ಯಾನು ಎತ್ತಿ ಕುಡಿದ. ಮಿಕ್ಕಿದ್ದನ್ನು, ಆ ಜಿನುಗು ಮಳೆಯಲ್ಲೇ, ಅದರ ಬುಡಕ್ಕೆ ಹಾಕಿದ.

"ಸಾರ್, ಮಳೆ ಸಾಲಲಿಲ್ಲ ಅಂತ ನೀವೂ ಕೈ ಸೇರಿಸಿದ್ರಾ?" ಕಲ್ಯಾಣಿ ಬಿದ್ದು ಬಿದ್ದು ನಕ್ಕಳು.

ನಾಚಿಕೆಯಾಗಿ ಅವನು ಮುಖ ಮೇಲೆತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ. ಎಲೆಯ ಮೇಲೆ ಎಲೆ, ಮರದ ಮೇಲೆ ಮರ.

"ಲೋ ತಿರುಮಲೇಶಾ, ಇಲ್ಲಿ ಸೂರ್ಯನೇ ಇಲ್ವಲ್ಲೋ!"

"ಮೋಡ ಕಣಯ್ಯ."

"ಮೋಡ ಅಲ್ಲ, ಮರ. ನೆಳ್ಳಲ್ಲಿ ಬೆಳೆಯೋದನ್ನ ತಗಂಡೋಗಿ ಬಿಸಿಲಿಗೆ ನಿಲ್ಸಿ, ಕಾಲಿಗೆ ನೀರು ಸುರೀತಿದ್ದೆ. ಎಂಥ ಪೆದ್ದ ನೋಡು ನಾನು!"

ಅಲ್ಲಿಂದಲೇ ಮನೆಗೆ ಫೋನು: "ನಿರ್ಮಲಾ, ಮಂಡಿಯಿಂದ ಹಳೇ ಗೋಣಿಚೀಲ ತರಿಸು. ಬಳ್ಳಿಗೆ ಚಪ್ಪರ ಹಾಕ್ಸು. ನೀರು ನಿಲ್ಸು!" ನನಗೆ ಸೀತಾಳೆ ಹೂ ನೋಡುವ ಆಸೆಯಿತ್ತು. ಅವನು ನನ್ನ ಕೈಹಿಡಿದು ಬಸ್‌ಸ್ಟ್ಯಾಂಡಿಗೆ ಎಳೆದ.

ಗೋಣಿಯ ನೆರಳಿನಲ್ಲಿ ಬಳ್ಳಿ ನಿಧಾನಕ್ಕೆ ಹಸಿರಾಯಿತು. ಈ ವರ್ಷ ಮೊದಲ ಗೊಂಚಲು ಬಿಟ್ಟಿತು. ಒಂದು ಹಿಡಿ ಕಾಳು. ಮಾಳಿಗೆಯ ಮೇಲೆ ಮೊರದಲ್ಲಿ ಒಣಗಿಸಿ, ಮಂಡಿಯವರನ್ನು ಊಟಕ್ಕೆ ಯಾವಾಗ ಕರೆಯುವುದೆಂದು ನನ್ನನ್ನು ಕೇಳಿದ. "ಅವಸರ ಏನು" ಅಂದಿದ್ದೆ.

ಅವನು ತೀರಿಕೊಂಡ ಮೇಲೆ, ಶಿವಗಣಾರಾಧನೆಯ ಊಟದ ದಿನ ನಿರ್ಮಲಮ್ಮ ಆ ಕಾಳನ್ನೇ ಕುಟ್ಟಿ ಸಾರು ಮಾಡಿದ್ದರು. ಮಂಡಿಯವರೆಲ್ಲ ಬಂದಿದ್ದರು. ಇಷ್ಟು ಜನಕ್ಕೆ ಒಂದು ಹಿಡಿ ಕಾಳು, ಘಾಟು ಎಲ್ಲಿಂದ ಬರಬೇಕು? ಆದೆಪ್ಪ ಅಂಗೈಗೆ ಹಾಕಿಸಿಕೊಂಡು ಕುಡಿದು, ತಲೆ ಬಗ್ಗಿಸಿ, "ಭಾರೀ ಖಾರ ಕಣಮ್ಮಾ" ಎಂದು ಕಣ್ಣೊರೆಸಿಕೊಂಡ. ಮತ್ತೆ ಕೈ ಚಾಚಿದ.

ಊಟವಾದ ಮೇಲೆ ನಾನು ಲೋಟ ಹಿಡಿದು ಹಿತ್ತಲಿಗೆ ಹೋದೆ. ಆದೆಪ್ಪ ಆಗಲೇ ಲೋಟ ಹಿಡಿದು ಬಳ್ಳಿಯ ಮುಂದೆ ನಿಂತಿದ್ದ. ಹಿಂದೆ ಇನ್ನೂ ನಾಲ್ಕಾರು ಜನ ಬಂದರು, ಎಲ್ಲರ ಕೈಯಲ್ಲೂ ಲೋಟ.

ಅಡುಗೆಮನೆ ಕಿಟಕಿಯಿಂದ ನಿರ್ಮಲಮ್ಮ ಕೂಗಿದರು: "ಅದಕ್ಕೆ ಹಾಕ್ಬ್ಯಾಡ್ರಪ್ಪೋ, ಕೊಳ್ತೋಗ್ತೈತೆ! ಕರಿಬೇವಿಗೆ ಹಾಕ್ರಿ!"

ಎಲ್ಲರೂ ಕರಿಬೇವಿನ ಕಡೆ ತಿರುಗಿದೆವು.