ನಾನು ಬೂದಿ ಮುಚ್ಚಿದ ಗಲೀಜು

ನೆನೆಸಿದ ಅವರೆಕಾಳು ಹಿದುಕುತ್ತ ಕುಳಿತಿದ್ದಾಗ ಯಜಮಾನರ ಫೋನು ಬಂತು. ಅವರು ಬೆಳಿಗ್ಗೆಯೇ ನಮ್ಮ ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಕೊಳ್ಳೇಗಾಲದ ದನದ ಆಸ್ಪತ್ರೆಗೆ ಹೋಗಿದ್ದರು. ನನ್ನ ಕೈಯೆಲ್ಲ ಲೋಳೆ. ಎದುರಿಗೆ ಕೂತು ಹಿದುಕುತ್ತಿದ್ದ ಅತ್ತೆಯೇ ಸೆರಗಿಗೆ ಕೈ ಒರೆಸಿಕೊಂಡು, ಸ್ಪೀಕರ್ ಒತ್ತಿ ಫೋನನ್ನು ನಡುವೆ ಇಟ್ಟರು.

“ಒಟ್ಟೆ ಅಮುಕಿ ನೋಡುದ್ರು. ಒಳ್ಗೆ ಕಲ್ಲಿನಂಗೆ ಏನೋ ಸಿಗ್ತದಂತೆ. ಮೂಳೆಗೀಳೆ ತಿಂದದಾ ಅಂತ ಕೇಳ್ತಾವ್ರೆ ಡಾಕ್ಟ್ರು. ನಮ್ಮನೆ ನಾಯಿ ಮೊಟ್ಟೇನೂ ಮೂಸಲ್ಲ ಸಾ, ಭೇದಿ ಆಯ್ತಾದೆ, ನಿಲ್ಸಕ್ಕೆ ಇಂಜೆಕ್ಷನ್ ಕೊಡಿ ಅಂದೆ. ಸರಿ ತಾನೆ?”

ಸರಿಯಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ನಮ್ಮದು ಲಿಂಗ ಕಟ್ಟುವವರ ಮನೆ. ಅತ್ತೆಯ ಪೂಜೆ ಮುಗಿಯುವ ತನಕ ನಾಯಿಗೂ ಅನ್ನವಿಲ್ಲ. ಆಮೇಲೆ ಮುದ್ದೆ, ಮಜ್ಜಿಗೆ. ಬಂದವರಿಗೆಲ್ಲ ಅತ್ತೆ ಅದನ್ನು ಹೆಮ್ಮೆಯಿಂದ ಹೇಳುವರು. ನಾಯಿ ಮಲಗುವುದೂ ಜಗಲಿಯ ಮೇಲೆ, ಅವರ ಕಾಲ ಬಳಿಯೇ. ಆದರೆ ರಸ್ತೆಯ ತಿರುವಿನಲ್ಲಿ ಕೋಳಿ ಅಂಗಡಿಯಾದ ಮೇಲೆ, ಒಂದು ದಿನ ಅಂಗಳ ಗುಡಿಸುವಾಗ ಅದರ ಗಲೀಜು ಬೇರೆ ಥರ ಕಂಡಿತು. ಯಾವಾಗಲೂ ರಾಗಿಯ ಬಣ್ಣದಲ್ಲಿರುತ್ತಿದ್ದುದು ಬೆಳ್ಳಗೆ, ಒಣಗಿದ ಸುಣ್ಣದ ಉಂಡೆಯಂತಿತ್ತು. ಕಡ್ಡಿಯಿಂದ ಮುಟ್ಟಿದರೆ ಪುಡಿಪುಡಿ. ಒಳಗೆ ಮೂಳೆಯ ಚೂರು.

ಅತ್ತೆಗೆ ತಿಳಿದರೆ ನಾಯಿಗೆ ಜಗಲಿ ತಪ್ಪುತ್ತದೆ. ಅವರು ಏಳುವ ಮೊದಲೇ ಬೂದಿ ಮುಚ್ಚಿ, ಬಳಿದು, ತಿಪ್ಪೆಗೆ ಹಾಕಿದೆ. ಮಾರನೆಯ ದಿನವೂ ಹಾಗೆಯೇ. ಹೀಗೆ ಒಂದು ತಿಂಗಳು. ಆಮೇಲೆ ಸ್ನಾನ ಮಾಡಿ ಅದೇ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಳ್ಳುತ್ತಿದ್ದೆ. ಅತ್ತೆಯಿಂದ ಮುಚ್ಚಿಟ್ಟೆ ಎಂದುಕೊಂಡಿದ್ದೆನೇ ಹೊರತು, ಆ ಅಂಗೈ ಮೇಲೆ ಕುಳಿತವನೂ ನೋಡುತ್ತಿದ್ದಾನೆ ಅನ್ನಿಸಿರಲಿಲ್ಲ.

ಈ ವಾರ ಎರಡು ದಿನ ನಾಯಿ ಗಲೀಜು ಹಾಕಲೇ ಇಲ್ಲ. ಹುಲ್ಲಿನ ಮೆದೆಯ ಹಿಂದೆ ಕುಕ್ಕರಿಸಿ ಮುಕ್ಕಿರಿಯುವುದು, ನನ್ನ ಮುಖ ನೋಡುವುದು. ಮೂರನೆಯ ದಿನ ಲೋಳೆ ಬೆರೆತ ಚೂರು ನೀರು ಬಂತು, ಅದರಲ್ಲಿ ರಕ್ತದ ಎಳೆ. ಭೇದಿ ಎಂದೇ ನಂಬಿದೆ. ಮಕ್ಕಳಿಗೆ ಕೊಡುವಂತೆ ಮೊಸರಿಗೆ ಮೆಂತ್ಯ ಕಲಸಿ ತಿನ್ನಿಸಿದೆ. ಒಳಗೆ ಕಟ್ಟಿಕೊಂಡಿದ್ದರೂ ಪಕ್ಕದಿಂದ ನೀರು ಜಾರಿ ಬರುತ್ತದೆ ಎಂಬುದು ನನಗೆ ತಿಳಿದದ್ದು ಡಾಕ್ಟರು ಹೇಳಿದ ಮೇಲೆ.

ಫೋನಿನಲ್ಲಿ ಆ ಡಾಕ್ಟರ ದನಿಯೂ ಕೇಳಿಸಿತು. ಇನ್ನೊಂದು ಸಲ ಮನೆಯವರನ್ನು ಕೇಳಿ, ಕಟ್ಟಿಕೊಂಡಿರುವಾಗ ಭೇದಿ ನಿಲ್ಲಿಸುವ ಮದ್ದು ಕೊಟ್ಟರೆ ನಾಯಿ ಉಳಿಯುವುದಿಲ್ಲ ಎನ್ನುತ್ತಿದ್ದರು. ಅತ್ತೆಯ ಬೆರಳು ನಿಂತಿತು.

“ತಿಂದದೆ ಕಣ್ರಿ,” ಎಂದೆ. “ತಿಂಗ್ಳಿಂದ ತಿಂತಾದೆ. ಸುಣ್ಣದಂಗೆ ಬೆಳ್ಳಗೆ ಹಾಕ್ತಿತ್ತು. ನಾನೇ ಬೂದಿ ಮುಚ್ಚಿ ಎಸೀತಿದ್ದೆ.”

ತಲೆ ಎತ್ತದೆ ಇನ್ನೊಂದು ಕಾಳು ಹಿದುಕಿದೆ.

“ನಾಯಿಗೆ ಯಾರವ್ವ ಲಿಂಗ ಕಟ್ಟುದ್ರು?” ಎಂದರು ಅತ್ತೆ. “ಎಲ್ಲಾನೂ ನೆಟ್ಗೆ ಯೋಳು ಡಾಕ್ಟ್ರುಗೆ.”

ಹೇಳಿದೆ. ಬಣ್ಣ, ಗಟ್ಟಿ, ತೆಳು, ರಕ್ತ ಯಾವತ್ತು, ಮೆಂತ್ಯ ಎಷ್ಟು. ಗಂಡಸಿನ ಹತ್ತಿರ ಇಂಥ ಮಾತು ಹೇಗೆ ಎಂಬ ನಾಚಿಕೆ ಕೂಡ ಬರಲಿಲ್ಲ. ಎನಿಮಾ ಕೊಡುತ್ತೇವೆ, ಕರುಳು ಹರಿದಿದ್ದರೆ ಕಷ್ಟ ಎಂದು ಡಾಕ್ಟರು ಫೋನಿಟ್ಟರು. ಬೆಟ್ಟದ ದೇವರು ಮಾದಪ್ಪನಿಗೆ ಕೈ ಮುಗಿದು ಕೂತೆ. ಅತ್ತೆ ಮತ್ತೆ ಕಾಳು ಹಿದುಕತೊಡಗಿದರು.

ಮಧ್ಯಾಹ್ನ ಮತ್ತೆ ಫೋನು. ಮೂಳೆಯ ಚೂರುಗಳು ಬಂದಿವೆ, ಕರುಳು ಹರಿದಿಲ್ಲ, ಡ್ರಿಪ್ ಮುಗಿಸಿ ಸಂಜೆಗೆ ಕರೆತರುತ್ತೇನೆ ಎಂದರು ಯಜಮಾನರು. ಇದರಲ್ಲಿ ನನ್ನ ಪುಣ್ಯ ದೊಡ್ಡದೇನಲ್ಲ: ಆ ಡಾಕ್ಟರು ಎರಡನೆಯ ಸಲ ಕೇಳಿದ್ದರಿಂದ ನಾಯಿ ಉಳಿಯಿತು, ಅಷ್ಟೇ. ಇನ್ನು ದಿನಾ ಬೆಳಿಗ್ಗೆ ಗಲೀಜು ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಂತೆ. ನಾಲ್ಕು ದಿನ ಮುದ್ದೆ ಬೇಡ, ಅಕ್ಕಿಗಂಜಿಗೆ ಬೇಯಿಸಿದ ಸಿಹಿಗುಂಬಳ ಹಿಸುಕಿ ಹಾಕಬೇಕಂತೆ.

ಕೈ ತೊಳೆದು, ಕುಂಬಳಕಾಯಿ ಹೆಚ್ಚಲು ಈಳಿಗೆಮಣೆ ಎಳೆದುಕೊಂಡೆ.