ಸೊಸೆಯ ಫೋನಿಗೆ ಅತ್ತೆಯ ಉತ್ತರ

ಬಾಡ ಎಂಬ ಊರಿನ ಬಂಗಾರಿ ಮೀನಿನ ಬುಟ್ಟಿ ಹೊತ್ತು ಕುಮಟೆಯ ಪೇಟೆಗೆ ಬಂದಳೆಂದರೆ ಅವಳಿಗಿಂತ ಮೊದಲು ಅವಳ ದನಿ ಬರುತ್ತದೆ. ಬಂಗಡೆ ಎತ್ತಿ ಹಿಡಿದು ಚೌಕಾಸಿಗೆ ನಿಂತವರಿಗೆ, "ಒಡೆಯಾ, ನಿಮ್ಮನೆ ಬೆಕ್ಕೂ ಇಷ್ಟು ಕೇಳೂದಿಲ್ಲ" ಎಂದುಬಿಡುವವಳು. ಎಡಗೆನ್ನೆಯಲ್ಲಿ ಸದಾ ಒಂದು ಕವಳ. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚಿಟಿಕೆ ತಂಬಾಕು.

ಅವಳ ಪ್ರೀತಿಯೂ ಕವಳದಲ್ಲೇ. ಯಾರ ಮೇಲೆ ಜೀವವೋ ಅವರಿಗೆ ತನ್ನ ಕೈಯಾರೆ ಮಡಿಚಿ ಕೊಡುವಳು. ಹಿರಿಯರು ಮಡಿಚಿ ಕೊಟ್ಟ ಕವಳವನ್ನು ಬೇಡ ಎನ್ನುವ ರೂಢಿ ಆ ಕೇರಿಯಲ್ಲಿಲ್ಲ. ಸೊಸೆ ಕುಸುಮಾಳ ಮೊದಲ ಕೂಸು ತಿಂಗಳು ತುಂಬುವ ಮೊದಲೇ ಬಂದು, ಹಾಗೇ ಹೊರಟುಹೋಗಿತ್ತು. ಈಗ ಅವಳು ಮತ್ತೆ ಬಸುರಿ. ಓಕರಿಕೆಯಿಂದ ಒದ್ದಾಡುವ ಸೊಸೆಯನ್ನು ಕಂಡು ಬಂಗಾರಿ ಪಕ್ಕಕ್ಕೆ ಬಂದು ಕುಳಿತಳು. "ತಕಾ, ಹಾಕ್ಕ. ವಾಂತಿ ನಿಲ್ತದೆ. ನಂಗೂ ನನ್ನತ್ತೆ ಹಿಂಗೇ ಕೊಟ್ಟಿದ್ರು" ಎಂದು ಹೋದ ಸಲದಂತೆ ಈ ಸಲವೂ ಕವಳ ಮಡಿಚಿ ಕೊಟ್ಟಳು. ಕುಸುಮಾ ತಲೆ ತಗ್ಗಿಸಿ ಹಾಕಿಕೊಂಡಳು.

ಆಗ ಆರೋಗ್ಯ ಕೇಂದ್ರದವರು ಬಸುರಿಯರಿಗಾಗಿ ಹೊಸದೊಂದು ಫೋನು ಕರೆ ಶುರುಮಾಡಿದ್ದರು. ಮಷೀನಿನ ಹುಡುಗಿಯೊಬ್ಬಳು ಮೆತ್ತಗೆ ಕೇಳುತ್ತಾಳೆ, ಹೌದಾದರೆ ಒಂದು, ಇಲ್ಲವಾದರೆ ಎರಡು ಒತ್ತಬೇಕು. ಕುಸುಮಾಳ ಗಂಡ ಉದಯ ಮಲ್ಪೆಯ ಬೋಟಿಗೆ ಹೋಗುವಾಗ ಅವಳ ಫೋನನ್ನೂ ಒಯ್ದಿದ್ದ. ಮನೆಯಲ್ಲಿ ಉಳಿದದ್ದು ಅತ್ತೆಯದೊಂದೇ. ಕುಸುಮಾ ಆ ನಂಬರನ್ನೇ ಬರೆಸಿ ಬಂದಳು. ಆದರೆ ಆ ಫೋನು ಬೆಳಗಾದರೆ ಬಂಗಾರಿಯ ಸೊಂಟದಲ್ಲಿ ಪೇಟೆಗೆ ಹೋಗುವಂಥದ್ದು!

"ತಾಯಿ, ಹೇಗಿದ್ದೀರಿ?" ಎಂದಿತು ಫೋನು.

ಬಂಗಾರಿಯನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. "ಅರಾಮ ಇದ್ದೆ ಮಗಾ, ನಿಂದು ಊಟ ಆತಾ?" ಎಂದಳು. ಪೇಟೆಯ ಗದ್ದಲದಲ್ಲಿ ಅರ್ಧ ಕೇಳಿತು, ಅರ್ಧ ಇಲ್ಲ. ಫೋನು ಯಾರದೋ, ಪ್ರಶ್ನೆಯೂ ಅವರಿಗೇ ಎಂದುಕೊಂಡು ತನ್ನ ಸಂಗತಿಯನ್ನೆಲ್ಲ ಸತ್ಯವಾಗಿ ಒತ್ತುತ್ತ ಹೋದಳು.

ಒಂದು ಮಧ್ಯಾಹ್ನ ನರ್ಸ್ ದಿವ್ಯಶ್ರೀ ಮನೆಗೇ ಬಂದಳು. "ಕುಸುಮಾ, ತಂಬಾಕು ಹಾಕ್ತೆ ಅಂತ ಪ್ರತಿ ಸಲ ಒತ್ತಿದ್ಯಲ್ಲೇ. ನಂಗೆ ಹೆದರ್ಕೆ ಆಗಿ ಓಡಿ ಬಂದೆ."

"ಯಾವ ಫೋನು ಅಕ್ಕಾ? ನಂಗೆಂತದೂ ಬರ್ಲೇ ಇಲ್ಲ."

ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದ ಬಂಗಾರಿ ಕೂಗಿದಳು, "ಅದು ನನ್ನ ಹುಡುಗಿ ಮಾರಾಯ್ತಿ! ನಂಗೇ ಮಾಡೂದು."

ದಿವ್ಯಶ್ರೀ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಬಿಳಿ ಹೋಗ್ತದಾ, ಉರಿ ಅದೆಯಾ ಅಂತ ಕೇಳಿದ್ದಕ್ಕೆ?"

"ಇಲ್ಲ ಅಂತ ಒತ್ತಿದೆ. ಈ ಪ್ರಾಯಕ್ಕೆ ನಂಗೆಂತ ಆಗೂದು?"

ಕುಸುಮಾ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನಂಗೆ ಅದೆ ಅಕ್ಕಾ," ಎಂದಳು. "ಯಾರ ಹತ್ರ ಹೇಳೂದು ಅಂತ ಸುಮ್ನಿದ್ದೆ."

ದಿವ್ಯಶ್ರೀ ಅವಳ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು. ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಬೇಕು, ಸೋಂಕಿದ್ದರೆ ಗಂಡ ಹೆಂಡಿರಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಗಂಡನಿಗೂ ಆಗಬೇಕು, ಔಷಧಿ ಇದೆ. ಬಿಟ್ಟರೆ ಕೂಸು ಬೇಗ ಬರುವ ಭಯ. ತಂಬಾಕಂತೂ ಹೊಟ್ಟೆಯೊಳಗಿನ ಕೂಸನ್ನು ಬೆಳೆಯಗೊಡುವುದಿಲ್ಲ.

ಬುಟ್ಟಿಯ ಮೇಲಿದ್ದ ಬಂಗಾರಿಯ ಕೈ ನಿಂತಿತು. "ಹಂಗಾರೆ ಹ್ವಾದ ಸಲದ ಕೂಸು?"

"ಅದರಿಂದ್ಲೇ ಅಂತ ಯಾರಿಗೂ ಹೇಳೂಕೆ ಆಗೂದಿಲ್ಲ, ಬಂಗಾರಕ್ಕಾ."

"ಕೊಟ್ಟದ್ದು ನಾನು. ಈ ಕೈಯಿಂದ."

"ಪ್ರೀತಿಯಿಂದ ಕೊಟ್ರಿ, ಅತ್ತೆ," ಎಂದಳು ಕುಸುಮಾ.

"ಒಳಗಿದ್ದ ಕೂಸಿಗೆ ಅದು ಗೊತ್ತಾಗ್ತದೇನೇ?" ಬಂಗಾರಿ ಮುಖ ತಿರುಗಿಸಿ ಬುಟ್ಟಿಯನ್ನು ಮತ್ತೆ ತಿಕ್ಕತೊಡಗಿದಳು. ತೊಳೆದ ಬುಟ್ಟಿಯನ್ನೇ ತೊಳೆದಳು.

ದಿವ್ಯಶ್ರೀ ಹೊತ್ತು ಬದಲಿಸಿದ್ದರಿಂದ, ಅಂದಿನಿಂದ ಫೋನು ಬಂಗಾರಿ ಮನೆಯಲ್ಲಿರುವ ಮಧ್ಯಾಹ್ನ ಬರುವಂತಾಯಿತು. ರಿಂಗಾದೊಡನೆ ಅದನ್ನು ಸೊಸೆಯ ಕೈಗಿತ್ತು ಬಂಗಾರಿ ತೆಂಗಿನಮರದ ಬುಡಕ್ಕೆ ಹೋಗಿ ನಿಲ್ಲುವಳು. ತಂಬಾಕಿಲ್ಲದೆ ಕುಸುಮಾಳಿಗೆ ತಲೆನೋವು, ಸಿಡುಕು. ಫೋನಿನ ಹುಡುಗಿ ಹೇಳಿಕೊಟ್ಟಂತೆ ಒಣ ನೆಲ್ಲಿಕಾಯಿ ಬಾಯಿಗಿಟ್ಟುಕೊಳ್ಳುವಳು. ತಡೆಯಲಾರದೆ ಒಮ್ಮೆ ನೆರೆಮನೆಯ ಲಕ್ಕಿಯ ಹತ್ತಿರ ಕವಳ ಬೇಡಿ ಹಾಕಿಯೂಬಿಟ್ಟಳು. ಬಂಗಾರಿ ಸೊಸೆಗೆ ಏನೂ ಅನ್ನಲಿಲ್ಲ. ಲಕ್ಕಿಗೆ ಮಾತ್ರ ಇಡೀ ಕೇರಿಗೆ ಕೇಳುವಂತೆ ಮಂಗಳಾರತಿಯಾಯಿತು.

ಮಗನಿಗೆ ಫೋನಿನಲ್ಲಿ ಹೇಳುವ ಕೆಲಸವನ್ನೂ ತಾನೇ ವಹಿಸಿಕೊಂಡಳು. "ಉದಯಾ, ದಡಕ್ಕೆ ಬಂದ ಕೂಡ್ಲೆ ಊರಿಗೆ ಬಾ. ನಿನ್ನ ಹೆಂಡ್ತಿ ರಕ್ತ ಕೊಟ್ಟಾತು, ನೀನೂ ಕೊಡು."

"ಅವ್ವಿ! ಇದೆಲ್ಲ ನೀ ಮಾತಾಡೂ ವಿಷಯನಾ?"

"ಮತ್ತೆಂತ, ನಿನ್ನ ಬಲೆಲಿದ್ದ ಬಂಗಡೆ ಬಂದು ಮಾತಾಡ್ತದಾ? ಬಾರಾ ಸುಮ್ನೆ."

ಬಂದ. ನಾಚಿಕೊಂಡೇ ರಕ್ತ ಕೊಟ್ಟ. ಗಂಡ ಹೆಂಡತಿ ಇಬ್ಬರೂ ಡಾಕ್ಟರು ಕೊಟ್ಟ ಗುಳಿಗೆ ಮುಗಿಸಿದರು. ಕುಸುಮಾಳ ಉರಿ ಇಳಿಯಿತು, ಹೊಟ್ಟೆ ದುಂಡಗಾಯಿತು. ಬಂಗಾರಿಗೆ ಮಾತ್ರ ತನ್ನ ಕವಳ ಬಿಡಲಾಗಲಿಲ್ಲ. ಮನೆಯಲ್ಲಿ ಮುಟ್ಟುತ್ತಿರಲಿಲ್ಲ, ಪೇಟೆಯಲ್ಲಿ ಬಿಡುತ್ತಿರಲಿಲ್ಲ.

ತಿಂಗಳು ತುಂಬಿಯೇ ನೋವು ಬಂತು. ಕುಮಟೆಯ ಆಸ್ಪತ್ರೆಯ ಬಾಗಿಲಲ್ಲಿ ಕಾಯುವಾಗ ಹೆದರಿಕೆ ತಡೆಯದೆ ಬಂಗಾರಿ ಒಂದು ಕವಳ ಹಾಕಿಯೇಬಿಟ್ಟಳು. ಅಷ್ಟರಲ್ಲಿ ಒಳಗಿಂದ ಅಳು ಕೇಳಿತು. ಗಟ್ಟಿ ಅಳು.

ಒಳಗೆ ಕರೆದು ಕೂಸನ್ನು ಕೈಗೆ ಕೊಟ್ಟರು. ಹೆಣ್ಣು, ಕೈತುಂಬುವಷ್ಟು. ಬಂಗಾರಿ ಅದನ್ನು ಆದಷ್ಟು ದೂರ ಹಿಡಿದು, ತುಟಿ ಬಿಗಿದು, ಮುಖವನ್ನು ಅತ್ತ ತಿರುಗಿಸಿ ನಿಂತಳು.

"ಎಂತಾ ಅತ್ತೆ, ಹತ್ರ ಹಿಡ್ಕಳ್ಳಿ," ಎಂದಳು ಮಂಚದ ಮೇಲಿಂದ ಕುಸುಮಾ.

ಬಂಗಾರಿ ಕೂಸನ್ನು ಅವಳ ಮಗ್ಗುಲಿಗೆ ಮಲಗಿಸಿ ಹೊರಗಿನ ನಳಕ್ಕೆ ಓಡಿದಳು. ಉಗುಳಿದ ನೀರು ತಿಳಿಯಾಗುವವರೆಗೂ ಬಾಯಿ ಮುಕ್ಕಳಿಸಿದಳು. ಸೆರಗಿನಿಂದ ತುಟಿ ಒರೆಸಿಕೊಂಡು ಒಳಗೆ ಬಂದು, ಆಮೇಲಷ್ಟೇ ಬಾಗಿ ಕೂಸಿನ ನೆತ್ತಿಯನ್ನು ಮೂಸಿದಳು.